ಬೆಳಕಿಂಡಿ ಮತ್ತು ಹೊಸ್ತಿಲು: ಧಾರವಾಡ ಸೀಮೆಯ ಮನೆಗಳಲ್ಲಿ ತೆರೆತನದ ಪ್ರಶ್ನೆ

ಆಧುನಿಕ ವಾಸ್ತುಶಿಲ್ಪದ ಚರ್ಚೆಗಳಲ್ಲಿ ತೆರೆತನವೆಂಬುದು ಬಹುಮಾನ್ಯವಾದ ಪರಿಕಲ್ಪನೆ. ಚಾರ್ಲ್ಸ್ ಕೊರಿಯಾ (1930–2015) ಬಾನಿಗೆ ತೆರೆದ ಅಂಗಳವನ್ನು ತಮ್ಮ ಚಿಂತನೆಯ ಕೇಂದ್ರವಾಗಿಸಿಕೊಂಡರು. ಲಾರಿ ಬೇಕರ್ (1917–2007) ಕೇರಳದಲ್ಲಿ ಇಟ್ಟಿಗೆಯ ಜಾಲಿಗೋಡೆಗಳ ಮೂಲಕ ಗಾಳಿ ಬೆಳಕುಗಳನ್ನು ಒಳಗೆ ಹರಿಸಿದರು. ಇದೇ ಮಾನದಂಡವನ್ನು ಹಿಡಿದು ನವಲಗುಂದ, ಅಣ್ಣಿಗೇರಿ ಭಾಗದ ಮಾಳಿಗೆ ಮನೆಗಳನ್ನು ನೋಡುವವರಿಗೆ ಅವು ಮುಚ್ಚಿದ ಮನೆಗಳಾಗಿಯೇ ತೋರುತ್ತವೆ. ದಪ್ಪ ಮಣ್ಣಿನ ಗೋಡೆ, ಕಿಟಕಿಗಳ ಕೊರತೆ, ನಡುಮನೆಯ ಮಬ್ಬು. ಆದರೆ ಈ ತೀರ್ಮಾನವು ತೆರೆತನವನ್ನು ಗೋಡೆಯಲ್ಲಿ ಮಾತ್ರ ಹುಡುಕುತ್ತದೆ.

ಎರೆ ಸೀಮೆಯ ಮನೆ ತೆರೆದುಕೊಳ್ಳುವುದು ಮೇಲಕ್ಕೆ. ತೊಲೆ, ಜಂತಿಗಳ ಮೇಲೆ ಹರಡಿದ ಮೇಲ್ಮುದ್ದೆಯಲ್ಲಿ ಬಿಟ್ಟ ಬೆಳಕಿಂಡಿಯು ಒಲೆಯ ಹೊಗೆಯನ್ನು ಹೊರಗೆ ಕಳಿಸಿ ಬಿಸಿಲುಕೋಲನ್ನು ಒಳಗೆ ಇಳಿಸುತ್ತದೆ. ಮಳೆ ಬಂದಾಗ ಯಾರಾದರೂ ಮಾಳಿಗೆ ಹತ್ತಿ ಅದನ್ನು ಮುಚ್ಚಬೇಕು. ಅಂದರೆ ಈ ತೆರೆತನಕ್ಕೆ ದಿನನಿತ್ಯದ ಆರೈಕೆ ಬೇಕು. ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡ ಓಣಿಗಳಲ್ಲಿ ಶಾವಿಗೆ, ಹಪ್ಪಳ ಒಣಗಿಸುವುದಕ್ಕೂ ಬೇಸಿಗೆಯ ನಿದ್ದೆಗೂ ಒದಗುವ ಆ ನೆಲ ಓಣಿಯ ಇನ್ನೊಂದು ಅಂಗಳವೇ ಆಗುತ್ತದೆ. ಮಲೆನಾಡಿನ ಅಂಚಿನ ಕಲಘಟಗಿಯಲ್ಲಿ ಮಳೆ ಹೆಚ್ಚು, ಮಾಡು ಇಳಿಜಾರು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಬೆಳೆದು ಹಬ್ಬಿದ ಮೇಲೆ ಇಂಥ ಮಾಡುಗಳಲ್ಲಿ ಬೆಳಕಿಂಡಿಯ ಕೆಲಸವನ್ನು ಗಾಜಿನ ಹಂಚು ವಹಿಸಿಕೊಂಡಿತು. ಅದು ಬೆಳಕನ್ನು ತರುತ್ತದೆ, ಹೊಗೆಯನ್ನು ಬಿಡುವುದಿಲ್ಲ.

ಮನುಷ್ಯರ ಮಟ್ಟಿಗೆ ತೆರೆತನದ ಅಳತೆಗೋಲು ಹೊಸ್ತಿಲು. ಬೀದಿ, ಕಟ್ಟೆ, ಪಡಸಾಲೆ, ನಡುಮನೆ, ಅಡುಗೆಮನೆ, ದೇವರಮನೆ ಎಂದು ಮನೆ ಹಂತಹಂತವಾಗಿ ಒಳಸರಿಯುತ್ತದೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಬರುವ ಜೋಕುಮಾರನಿಗೆ ಸಾಮಾನ್ಯವಾಗಿ ಬಾಗಿಲ ಮುಂದೆಯೇ ಹಾಡು, ಅಲ್ಲಿಯೇ ಮೊರದ ಕಾಳು. ದೇವರಾದರೂ ಅವನಿಗೊಂದು ಮಿತಿ ಉಂಟು.

ಕಟ್ಟೆ, ಪಡಸಾಲೆಗಳನ್ನು ಸಮಷ್ಟಿ ಬದುಕಿನ ಕುರುಹುಗಳೆಂದು ಹಾಡಿ ಹೊಗಳುವ ಜಾನಪದ ಬರೆಹ ಎಡವುವುದು ಈ ಮಿತಿಯ ವಿಷಯದಲ್ಲಿಯೇ. ಒಕ್ಕಲಿಗನ ಮನೆಯಲ್ಲಿ ಎತ್ತುಗಳು ಮುಂಬಾಗಿಲಿನಿಂದಲೇ ಒಳಬಂದು ಗೋದಲಿಗೆ ನಿಲ್ಲುತ್ತಿದ್ದವು. ಎತ್ತು ದಾಟುತ್ತಿದ್ದ ಆ ಹೊಸ್ತಿಲನ್ನು, ಅದೇ ಎತ್ತಿಗೆ ಮಿಣಿ, ಬಾರುಕೋಲು ಮಾಡಿಕೊಟ್ಟ ಕೈ ದಾಟುವಂತಿರಲಿಲ್ಲ. ಪಡಸಾಲೆ ತುಂಬಿದ್ದಾಗ ಮನೆಯ ಹೆಣ್ಣುಮಕ್ಕಳ ಓಡಾಟ ಹಿತ್ತಲ ಬಾಗಿಲಿಗೆ ಸರಿಯುತ್ತಿತ್ತು. ಗಾಳಿಗೆ, ದನಕ್ಕೆ, ನೆಂಟರಿಗೆ ತೆರೆದ ಮನೆ ಯಾರಿಗೆ ತೆರೆದಿರಲಿಲ್ಲ ಎಂಬುದನ್ನು ಕೇಳದೆ ದೇಸಿ ವಾಸ್ತುವಿನ ವಿವೇಕವನ್ನು ಕುರಿತು ಮಾತನಾಡುವುದು ಅರ್ಧ ಅಧ್ಯಯನವಷ್ಟೆ. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯಕ್ಕೂ ಇದೇ ಮಾತು ಸಲ್ಲುತ್ತದೆ. ಹನ್ನೊಂದನೆಯ ಶತಮಾನದ ಆ ಕಂಬಗಳ ಮಂಟಪ ಗಾಳಿಗೆ ಸಲೀಸಾಗಿ ದಾರಿ ಬಿಡುತ್ತದೆ. ಆದರೆ ಶಿಲ್ಪದ ತೆರೆತನ ಪ್ರವೇಶದ ತೆರೆತನವಲ್ಲ.

ಕುಂದಗೋಳದ ನಾಡಿಗೇರ ವಾಡೆ ಈ ದೃಷ್ಟಿಯಿಂದ ಕುತೂಹಲಕರ ಉದಾಹರಣೆ. ವಾಡೆಯೆಂದರೆ ಅಧಿಕಾರದ ಮನೆ, ಎತ್ತರದ ಗೋಡೆಯ ಮನೆ. ಅದೇ ವಾಡೆ ಸವಾಯಿ ಗಂಧರ್ವರ (1886–1952) ಪುಣ್ಯತಿಥಿಯ ಅಹೋರಾತ್ರಿ ಸಂಗೀತಕ್ಕೆ ನೆಲೆಯಾಗಿ ಸುತ್ತಲಿನ ಹಳ್ಳಿಗಳ ಕೇಳುಗರನ್ನು ಒಳಗೆ ಕೂರಿಸಿಕೊಂಡಿತು. ಕಟ್ಟಡ ಬದಲಾಗಲಿಲ್ಲ, ಬಳಕೆ ಬದಲಾಯಿತು. ಪಾರಗಮ್ಯತೆಯನ್ನು ನಕ್ಷೆಯಲ್ಲಿ ಮಾತ್ರ ಓದುವ ವಿಮರ್ಶೆಗೆ ಇದು ದಕ್ಕುವುದಿಲ್ಲ.

ಈಗ ಮೇಲ್ಮುದ್ದೆಯ ಜಾಗದಲ್ಲಿ ಆರ್‌ಸಿಸಿ ಬಂದಿದೆ, ಬೆಳಕಿಂಡಿಯ ಜಾಗದಲ್ಲಿ ಹಗಲಲ್ಲೂ ಉರಿಯುವ ದೀಪ. ಕಟ್ಟೆ ಒಡೆದು ಕಬ್ಬಿಣದ ಗೇಟು ಹಾಕಿಸಿದ ಮನೆಗಳ ಮುಂದೆ ಜೋಕುಮಾರನ ಬುಟ್ಟಿ ಬೀದಿಯಲ್ಲಿಯೇ ಇಳಿಯಬೇಕು. ಇದಕ್ಕಾಗಿ ಮರುಗುವವರು, ಊರಿನ ಕಟ್ಟೆಯ ಮೇಲೆ ಎಂದೂ ಕೂರಲಾಗದವರು ಸರಕಾರಿ ಯೋಜನೆಯ ಎರಡು ಕೋಣೆಯ ಮನೆಯ ಮುಂದೆ ಮೊದಲು ಕಟ್ಟಿಸಿಕೊಂಡದ್ದು ತಮ್ಮದೇ ಆದ ಒಂದು ಕಟ್ಟೆಯನ್ನು ಎಂಬುದನ್ನೂ ಗಮನಿಸಬೇಕು.