ಮಾತಾಡದವನ ಕೈಗೆ ಮೌಸ್

2009ರಲ್ಲಿ ನಾನು ಪುಣೆಗೆ ಹೊಸಬ. ಹಿಂಜವಡಿಯಲ್ಲಿ ಕೆಲಸ, ಕರ್ವೆನಗರದಲ್ಲಿ ಮೂವರು ಸೇರಿ ಹಿಡಿದ ಬಾಡಿಗೆ ಮನೆ, ಮರಾಠಿ ಸೊನ್ನೆ. ಹಿಂದಿಯೂ ದಾವಣಗೆರೆಯ ಹಿಂದಿ. ತರಕಾರಿ ಗಾಡಿಯ ಮುಂದೆ ಬೆರಳು ತೋರಿಸಿ, ತಲೆಯಾಡಿಸಿ, ಹುಬ್ಬೇರಿಸಿ ವ್ಯಾಪಾರ ಮುಗಿಸುತ್ತಿದ್ದೆ. ಆಗ ರೂಮಿನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಆಡಿದ ಗೇಮ್ ‘ವಾಲೇಸ್ ಆ್ಯಂಡ್ ಗ್ರಾಮಿಟ್ಸ್ ಗ್ರ್ಯಾಂಡ್ ಅಡ್ವೆಂಚರ್ಸ್’. ಅದನ್ನೇ ಈ ಮಳೆಗಾಲದಲ್ಲಿ ಮಗಳ ಜೊತೆ ಕೂತು ಮತ್ತೆ ಆಡಿದೆ. ಅಂದು ಬರೀ ನಕ್ಕಿದ್ದೆ. ಈ ಸಲ ನಗುವಿನ ಜೊತೆ ಸ್ವಲ್ಪ ಇರುಸುಮುರುಸೂ ಆಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ವಾಲೇಸ್ ಒಬ್ಬ ಇಂಗ್ಲಿಷ್ ಸಂಶೋಧಕ. ಚೀಸ್ ಅಂದರೆ ಪ್ರಾಣ. ಗ್ರಾಮಿಟ್ ಅವನ ನಾಯಿ. ನಿಕ್ ಪಾರ್ಕ್ ಸೃಷ್ಟಿಸಿದ ಈ ಜೋಡಿ 1989ರಲ್ಲಿ ಮೊದಲ ಸಲ ತೆರೆಗೆ ಬಂತು. ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೋ ಕ್ಲೇ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ, ಫೋಟೋ ತೆಗೆದು, ಮತ್ತೆ ಸರಿಸಿ ಮಾಡುವ ಸಿನಿಮಾಗಳು ಇವು. ಅದನ್ನು ಗೇಮ್ ಆಗಿಸಿದ್ದು ಕ್ಯಾಲಿಫೋರ್ನಿಯಾದ ಟೆಲ್‌ಟೇಲ್ ಕಂಪನಿ. 2009ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ, ಧಾರಾವಾಹಿಯ ಹಾಗೆ, ನಾಲ್ಕು ಕಂತುಗಳಲ್ಲಿ ಬಿಡುಗಡೆಯಾಯಿತು.

ಗ್ರಾಮಿಟ್ ಮಾತಾಡುವುದಿಲ್ಲ, ಬೊಗಳುವುದೂ ಇಲ್ಲ. ತೇಜಸ್ವಿಯವರ ‘ಕಿವಿ’ಯನ್ನು ಓದಿ ಬೆಳೆದ ನಮಗೆ ಪುಸ್ತಕದ ನಾಯಿ ಅಂದರೆ ಪಕ್ಕಾ ನಾಯಿ. ಮೂಸುತ್ತದೆ, ಓಡುತ್ತದೆ, ಎಡವಟ್ಟು ಮಾಡುತ್ತದೆ. ಗ್ರಾಮಿಟ್ ಹಾಗಲ್ಲ. ಪೇಪರ್ ಓದುತ್ತಾನೆ, ನಿಟ್ಟಿಂಗ್ ಮಾಡುತ್ತಾನೆ, ಯಜಮಾನ ಕೆಡಿಸಿದ ಯಂತ್ರವನ್ನು ಸರಿಮಾಡುತ್ತಾನೆ. ಸಿನಿಮಾದಲ್ಲಿ ಇದನ್ನು ನಾವು ಸೋಫಾದಲ್ಲಿ ಕೂತು ನೋಡಬಹುದು. ಗೇಮಿನಲ್ಲಿ ನಾವೇ ಗ್ರಾಮಿಟ್ ಆಗಬೇಕು. ಕಥೆ ಸಾಗಿದಂತೆ ಒಮ್ಮೆ ಅವನು, ಒಮ್ಮೆ ಇವನು ನಮ್ಮ ಕೈಗೆ ಬರುತ್ತಾರೆ.

ಈ ಬಗೆಯ ಗೇಮ್‌ಗಳಲ್ಲಿ ವಸ್ತುವಿನ ಮೇಲೆ ಕ್ಲಿಕ್ ಮಾಡಿದರೆ ಪಾತ್ರ ಏನಾದರೂ ಹೇಳುತ್ತದೆ, ಆ ಮಾತಿನಲ್ಲೇ ಸುಳಿವು ಅಡಗಿರುತ್ತದೆ. ವಾಲೇಸ್ ಕೈಯಲ್ಲಿದ್ದಾಗ ಹಾಗೇ ಆಗುತ್ತದೆ. ಮುಟ್ಟಿದ್ದಕ್ಕೆಲ್ಲ ಒಂದು ಮಾತು. ಗ್ರಾಮಿಟ್ ಬಂದಾಗ ಮಾತಿಲ್ಲ. ಹುಬ್ಬು ಮೇಲೇರುತ್ತದೆ, ಕಣ್ಣು ಹೊರಳುತ್ತದೆ, ಅಷ್ಟೇ. ಬಾಯಿಯೇ ಇಲ್ಲದ ಮುಖದಲ್ಲಿ ಇದು ಬೇಡ, ಅದು ಆಗಬಹುದು, ಅಯ್ಯೋ ಮತ್ತೆ ಶುರುವಾಯಿತಲ್ಲ ಅನ್ನುವುದನ್ನೆಲ್ಲ ನಾವೇ ಓದಿಕೊಳ್ಳಬೇಕು. ಭಾಷೆ ಬಾರದ ಊರಲ್ಲಿ ಮೊದಲ ವರ್ಷ ಕಳೆದವರಿಗೆ ಈ ಓದು ಚೆನ್ನಾಗಿ ಗೊತ್ತು. ಗ್ರಾಮಿಟ್‌ಗೆ ಧ್ವನಿ ಕೊಡದೇ ಇದ್ದದ್ದು, ಕೊಡದೆಯೂ ಅರ್ಧ ಆಟವನ್ನು ಅವನಿಗೇ ಬಿಟ್ಟದ್ದು ಈ ಗೇಮಿನ ದೊಡ್ಡ ಗೆಲುವು ಎನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ತಮಾಷೆ ನೋಡಿ. ಸಿನಿಮಾಗಳಲ್ಲಿ ವಾಲೇಸ್‌ಗೆ ಧ್ವನಿ ಕೊಟ್ಟ ಪೀಟರ್ ಸಾಲಿಸ್ ಇಲ್ಲಿಲ್ಲ. ಆ ಜಾಗಕ್ಕೆ ಬೆನ್ ವೈಟ್‌ಹೆಡ್ ಬಂದರು. ಗ್ರಾಮಿಟ್‌ಗೆ ಯಾರನ್ನೂ ಹುಡುಕಬೇಕಾಗಲಿಲ್ಲ.

ಮೊದಲ ಕಂತು ‘ಫ್ರೈಟ್ ಆಫ್ ದ ಬಂಬಲ್‌ಬೀಸ್’. ವಾಲೇಸ್ ಜೇನಿನ ವ್ಯಾಪಾರಕ್ಕೆ ಇಳಿದಿದ್ದಾನೆ. ಇರುವ ಜೇನ್ನೊಣಕ್ಕೂ ಒಪ್ಪಿಕೊಂಡ ಆರ್ಡರ್‌ಗೂ ತಾಳಮೇಳವಿಲ್ಲ. ಹೂವು ಬೇಗ ಬೆಳೆಯಲಿ ಎಂದು ಒಂದು ಔಷಧ ಕಂಡುಹಿಡಿಯುತ್ತಾನೆ, ಜೇನ್ನೊಣಗಳೇ ದೈತ್ಯಾಕಾರ ತಾಳುತ್ತವೆ. ಎರಡನೆಯದರಲ್ಲಿ ಮಳೆಯಿಂದ ಪ್ರವಾಸ ಕೆಡುತ್ತದೆ. ನೀರು ತುಂಬಿದ ನೆಲಮಾಳಿಗೆಯನ್ನೇ ಬೀಚ್ ರೆಸಾರ್ಟ್ ಮಾಡುತ್ತಾನೆ! ಕೊನೆಯ ಕಂತಿನಲ್ಲಿ ಗೊತ್ತಿಲ್ಲದೆಯೇ ಪಕ್ಕದ ಮನೆಯ ಮಿಸ್ ಫ್ಲಿಟ್ ಜೊತೆ ಮದುವೆ ನಿಶ್ಚಯ ಮಾಡಿಕೊಂಡುಬಿಡುತ್ತಾನೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಬ್ಬ ಬಾಯಿ ಬಿಡುತ್ತಾನೆ, ಇನ್ನೊಬ್ಬ ಮೈ ಬಗ್ಗಿಸುತ್ತಾನೆ.

ಇರುಸುಮುರುಸಾದದ್ದು ಇಲ್ಲೇ. ಹದಿನೈದು ವರ್ಷದ ಮೇಲಾಯಿತು, ಈಗ ನಾನು ಪ್ರಾಜೆಕ್ಟ್ ಮ್ಯಾನೇಜರ್. ಮರಾಠಿ ಬಂತು, ಕ್ಲೈಂಟ್ ಜೊತೆ ಮಾತಾಡುವುದೇ ಕೆಲಸವಾಯಿತು. ಹಿಂದೊಮ್ಮೆ ಒಂದು ಕಾಲ್‌ನಲ್ಲಿ ‘ಮೂರು ವಾರ ಸಾಕು’ ಅಂದುಬಿಟ್ಟೆ. ಟೀಮಿನಲ್ಲಿ ಸೊಲ್ಲಾಪುರದ ಕಡೆಯ ಟೆಸ್ಟರ್ ಹುಡುಗಿಯೊಬ್ಬಳಿದ್ದಳು, ಮನೆಮಾತು ಕನ್ನಡ. ಕ್ಯಾಮೆರಾದಲ್ಲಿ ಅವಳ ಹುಬ್ಬು ಒಮ್ಮೆ ಮೇಲೇರಿ ಇಳಿಯಿತು. ನೋಡಿದೆ. ನೋಡಿಯೂ ‘ಏನಮ್ಮಾ, ಆಗುತ್ತಾ?’ ಅಂತ ಕೇಳಲಿಲ್ಲ. ಮೂರು ವಾರದಲ್ಲಿ ಕೆಲಸ ಆಯಿತು. ಅವಳ ಮೂರೂ ವಾರಾಂತ್ಯ ಅದಕ್ಕೇ ಹೋಯಿತು. ಅಭಿನಂದನೆಯ ಮೇಲ್ ನನ್ನ ಹೆಸರಿಗೆ ಬಂತು. ಕೆಲವು ತಿಂಗಳಾದ ಮೇಲೆ ಅವಳು ಕೆಲಸ ಬಿಟ್ಟಳು. ಈ ಸಲ ಆಡುವಾಗ ನನ್ನ ಮಗಳು ಹಟ ಹಿಡಿದಳು: “ಅಪ್ಪಾ, ನೀನು ವಾಲೇಸ್ ಆಡು. ಗ್ರಾಮಿಟ್ ನಂದು.” ಕಾರಣ ಕೇಳಲು ಧೈರ್ಯ ಆಗಲಿಲ್ಲ.

ಗೇಮ್ ಎಡವುವುದೂ ಇದೇ ಜಾಗದಲ್ಲಿ. ಪ್ರತಿ ಕಂತಿನ ಕೊನೆಯಲ್ಲೂ ಎಲ್ಲ ಸರಿಹೋಗುತ್ತದೆ, ಮುಂದಿನ ಕಂತಿಗೆ ವಾಲೇಸ್ ಮತ್ತೆ ಹೊಸ ಉತ್ಸಾಹದಿಂದ ಹೊರಡುತ್ತಾನೆ. ಅವನು ಕಲಿತರೆ ಹಾಸ್ಯ ಸಾಯುತ್ತದೆ, ಒಪ್ಪುತ್ತೇನೆ. ಆದರೆ ನಾಯಿಯ ದುಡಿಮೆಯನ್ನು ನಮ್ಮ ಕೈಯಲ್ಲೇ ಮಾಡಿಸಿದ ಮೇಲೆ, ನಮಗಾದ ಸುಸ್ತನ್ನು ಗೇಮ್ ಮರೆಯುವುದು ನ್ಯಾಯವಲ್ಲ. ಒಗಟುಗಳೂ ಎಲ್ಲ ಕಡೆ ಒಂದೇ ಮಟ್ಟದಲ್ಲಿಲ್ಲ. ಒಳ್ಳೆಯವು ಯಂತ್ರದ ತರ್ಕದಿಂದ ಹುಟ್ಟುತ್ತವೆ. ಕೆಲವೆಡೆ ಮಾತ್ರ ಜೇಬಿನಲ್ಲಿರುವುದನ್ನೆಲ್ಲ ಕಂಡಕಂಡದ್ದಕ್ಕೆ ತಾಗಿಸುತ್ತಾ ಹೋಗುವುದೇ ದಾರಿ.

ಇನ್ನು ಮಿಸ್ಟರ್ ಪನೀರ್. ಆ ಊರಿನ ಅಂಗಡಿಯವನು, ಭಾರತೀಯ ಮೂಲದವನು. ಚೀಸ್ ಪ್ರಿಯರ ಊರಲ್ಲಿ ಪನೀರ್ ಎಂಬ ಹೆಸರು ಒಳ್ಳೆಯ ಜೋಕೇ, ನಾನೂ ನಕ್ಕೆ. ಆದರೆ ಹೊರಗಿನಿಂದ ಬಂದವನಿಗೆ ಅವನ ತಿನಿಸಿನ ಹೆಸರೇ ಅಂಟಿದೆಯಲ್ಲ! ಇಲ್ಲಿಗೆ ಬಂದ ಹೊಸದರಲ್ಲಿ ನನ್ನನ್ನು ‘ಅಣ್ಣಾ’ ಎಂದು ಕರೆದು, ಒಳ್ಳೆಯ ಇಡ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದವರೆಲ್ಲ ನೆನಪಾದರು. ಅವರಲ್ಲಿ ಕೆಟ್ಟತನ ಇರಲಿಲ್ಲ, ಈ ಗೇಮಿನಲ್ಲೂ ಇಲ್ಲ. ಆದರೂ ಪನೀರ್ ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೆ ಏನು ಮಾಡುತ್ತಾನೆ ಎಂದು ತಿಳಿಯುವ ಆಸೆ ನನ್ನಲ್ಲಿ ಉಳಿಯಿತು.

ನಮ್ಮ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ‘ರಾಜಿ’ಯನ್ನು ತಂದಾಗ ಹೆಮ್ಮೆಪಟ್ಟು ಆಡಿದ್ದೆ. ತಮ್ಮನನ್ನು ಹುಡುಕಿ ಹೊರಟ ಹುಡುಗಿ, ಕಥೆ ಹೇಳುವ ದುರ್ಗೆ ಮತ್ತು ವಿಷ್ಣು, ಕಣ್ಣು ತುಂಬುವ ಕೋಟೆಗಳು. ಅದು ಪುರಾಣದ ಎತ್ತರದಲ್ಲಿ ನಿಂತ ಆಟ. ನನಗೀಗ ಇನ್ನೊಂದು ಆಸೆ. ಪೇಟೆಯ ಗಲ್ಲಿಯಲ್ಲಿ ಮಿಕ್ಸಿ ರಿಪೇರಿ ಮಾಡುವವನು, ಅವನ ಅಂಗಡಿ ಮೆಟ್ಟಿಲ ಮೇಲೆ ಮಲಗುವ ಬೀದಿನಾಯಿ, ಇವರಿಬ್ಬರ ಮೇಲೂ ಯಾರಾದರೂ ನಗಿಸುವ ಒಗಟಿನ ಆಟ ಮಾಡಬೇಕು.

ಅಲ್ಲಿಯವರೆಗೆ ಇದನ್ನು ಆಡಿ. ಪುಟ್ಟ ಗೇಮ್, ಒಂದು ಕಂತು ಒಂದೇ ಸಂಜೆಗೆ ಮುಗಿಯುತ್ತದೆ. ಟೆಲ್‌ಟೇಲ್ ಮುಂದೆ 2012ರ ‘ದ ವಾಕಿಂಗ್ ಡೆಡ್’ನಿಂದ ದೊಡ್ಡ ಹೆಸರು ಮಾಡಿತು. ಅಲ್ಲಿ ಒಗಟು ಹಿಂದೆ ಸರಿದು, ಯಾವ ಮಾತು ಆಡಬೇಕೆಂಬ ಆಯ್ಕೆಯೇ ಆಟವಾಯಿತು. 2018ರಲ್ಲಿ ಕಂಪನಿ ತನ್ನ ಬಹುಪಾಲು ನೌಕರರನ್ನು ಮನೆಗೆ ಕಳಿಸಿತು. ಮಾತೇ ಆಡದವನನ್ನು ನಂಬಿ ಮಾಡಿದ ಈ ನಾಲ್ಕು ಕಂತುಗಳು ನನಗೆ ಈಗಲೂ ಹೆಚ್ಚು ಇಷ್ಟ. ನಿಮ್ಮ ಜೊತೆ ಆಡಲು ಇನ್ನೊಬ್ಬರು ಇದ್ದರೆ, ಗ್ರಾಮಿಟ್ ಪಾತ್ರ ಯಾರಿಗೆ ಎಂದು ಮೊದಲೇ ಮಾತಾಡಿಕೊಳ್ಳಿ.