ಕಾಗದದ ಸೌಟು

ಧರ್ಮಗುರುವೊಬ್ಬರ ಉಪದೇಶವನ್ನು ಸಾಹಿತ್ಯವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಸರಿಯೇ ಎಂದು ಕೆಲವರು ಕೇಳಿಯಾರು. ಉಪದೇಶವು ಕೇಳಿದವರ ಕಿವಿಯನ್ನು ದಾಟಿ ಒಂದು ಜನಾಂಗದ ನುಡಿಗಟ್ಟಾಗಿ ನಿಂತ ಮೇಲೆ ಅದು ಸಾಹಿತ್ಯದ ಸೊತ್ತೇ ಆಯಿತೆಂದು ನನ್ನ ಎಣಿಕೆ. ಆರ್ಮೀನಿಯನ್ ಧರ್ಮಗುರು ಮ್ಕರ್ತಿಚ್ ಖ್ರಿಮ್ಯಾನ್ 1878ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಮಾಡಿದ ಉಪದೇಶ ಅಂಥದು. ನಾನು ಓದಿರುವುದು ಇಂಗ್ಲಿಷ್ ಅನುವಾದ. ಮೂಲದ ನಾದದ ವಿಷಯ ಆಡಲಾರೆ. ರೂಪಕದ ವಿಷಯ ಆಡಬಹುದು.

ಖ್ರಿಮ್ಯಾನ್ ಹುಟ್ಟಿದ್ದು 1820ರಲ್ಲಿ, ತುರ್ಕಿ ಸುಲ್ತಾನರ ಆಳ್ವಿಕೆಗೆ ಒಳಪಟ್ಟಿದ್ದ ವಾನ್ ಪಟ್ಟಣದಲ್ಲಿ. ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡು 1854ರಲ್ಲಿ ಸನ್ಯಾಸ ಹಿಡಿದರು. ಸನ್ಯಾಸಿಯಾದವರು ಮಠದಲ್ಲಿ ಜಪಮಾಡುತ್ತ ಕೂರಲಿಲ್ಲ. ಪತ್ರಿಕೆ ಹೊರಡಿಸಿದರು, ವಾನ್ ಬಳಿಯ ವರಗ ಮಠಕ್ಕೆ ಅಚ್ಚುಕೂಟವನ್ನು ತಂದರು, ಶಾಲೆ ನಡೆಸಿದರು. (ಆರ್ಮೀನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ 1794ರಲ್ಲಿ ಹೊರಟದ್ದು ನಮ್ಮ ಮದರಾಸಿನಿಂದ, ಅದೂ ಒಬ್ಬ ಪಾದ್ರಿಯ ಕೈಯಿಂದ ಎಂಬುದನ್ನು ಇಲ್ಲಿ ನೆನೆಯಬಹುದು.) 1869ರಿಂದ 1873ರವರೆಗೆ ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕ್ ಪೀಠದಲ್ಲಿದ್ದರು. ಜನ ಅವರನ್ನು ‘ಹೈರಿಕ್’ ಎಂದರು. ನಾವು ‘ಅಪ್ಪಯ್ಯ’ ಎಂದ ಹಾಗೆ.

1878ರಲ್ಲಿ ಯುರೋಪಿನ ದೊಡ್ಡ ರಾಜ್ಯಗಳು ಬರ್ಲಿನ್ನಿನಲ್ಲಿ ಸಭೆ ಸೇರಿದಾಗ, ಆರ್ಮೀನಿಯನ್ನರ ಅಹವಾಲನ್ನು ಹೊತ್ತು ಹೋದವರ ಮುಖಂಡರು ಖ್ರಿಮ್ಯಾನರೇ. ದೊರೆತದ್ದು ಒಪ್ಪಂದದ 61ನೆಯ ವಿಧಿ: ಆರ್ಮೀನಿಯನ್ನರಿರುವ ಪ್ರಾಂತಗಳಲ್ಲಿ ಸುಧಾರಣೆ ಮಾಡುವುದಾಗಿ ಸುಲ್ತಾನನ ಸರ್ಕಾರದ ಮಾತು, ಅಷ್ಟೆ. ಹಿಂತಿರುಗಿ ಬಂದ ಗುರುಗಳು ನೆರೆದ ಭಕ್ತರಿಗೆ ಒಂದು ಕಥೆ ಹೇಳಿದರು. ಬರ್ಲಿನ್ನಿನ ಮೇಜಿನ ಮೇಲೆ ದೊಡ್ಡ ಕೊಪ್ಪರಿಗೆಯ ತುಂಬ ಹರಿಸಾ ಇತ್ತು. ಬಲ್ಗೇರಿಯನ್ನರು, ಸರ್ಬರು, ಮಾಂಟೆನೆಗ್ರೋದವರು ಕಬ್ಬಿಣದ ಸೌಟು ಹಾಕಿ ತಮ್ಮ ಪಾಲು ಬಡಿಸಿಕೊಂಡು ಹೋದರು. ತಮ್ಮ ಸರದಿ ಬಂದಾಗ ಕೈಯಲ್ಲಿದ್ದದ್ದು ಅಹವಾಲಿನ ಕಾಗದ. ಬಿಸಿ ಹರಿಸಾದಲ್ಲಿ ಕಾಗದದ ಸೌಟು ನೆನೆದು ಹರಿದುಹೋಯಿತು.

ಹರಿಸಾ ಎಂದರೆ ಗೋಧಿನುಚ್ಚನ್ನು ಮಾಂಸದೊಡನೆ ಗಂಟೆಗಟ್ಟಲೆ ಬೇಯಿಸಿದ ಗಂಜಿ, ನಮ್ಮ ಕಡೆ ರಂಜಾನಿನಲ್ಲಿ ಮಾಡುವ ಹಲೀಮಿನ ನಂಟ. ಉಪಮಾನ ಸಿಂಹಾಸನದಿಂದಲೂ ಬರಲಿಲ್ಲ, ವೇದಗ್ರಂಥದಿಂದಲೂ ಬರಲಿಲ್ಲ, ಅಡುಗೆಮನೆಯಿಂದ ಬಂತು. ಓದು ಬಾರದ ಹೆಂಗಸಿಗೂ ಸೌಟು ಗೊತ್ತು, ಬಿಸಿ ಗಂಜಿಯಲ್ಲಿ ಕಾಗದದ ಗತಿಯೂ ಗೊತ್ತು. ರಾಜತಂತ್ರದ ಒಂದು ತಿಂಗಳ ವ್ಯವಹಾರವನ್ನು ಇಷ್ಟು ಸಣ್ಣ ಪಾತ್ರೆಯಲ್ಲಿ ಹಿಡಿದವರು ವಿರಳ.

ಆದರೆ ನನ್ನ ತಕರಾರು ಎರಡಿವೆ. ಈಗ ಸಿಗುವ ಪಾಠದಲ್ಲಿ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಊರಿಗೆ ಮರಳುವವರು ಬಂಧುಗಳಿಗೆ ಉಡುಗೊರೆಯಾಗಿ ಆಯುಧ ಒಯ್ಯಲಿ ಎಂಬ ಮಾತಿಗೆ ಇಳಿಯುತ್ತದೆ. ನಮ್ಮ ಆಲಂಕಾರಿಕರು ಕೇಳಿದ್ದರೆ, ಧ್ವನಿಯನ್ನು ವಾಚ್ಯ ಮಾಡಿ ಕೆಡಿಸಿದರೆಂದು ಹೇಳುತ್ತಿದ್ದರು. ಎರಡನೆಯದು ಹೆಚ್ಚು ಗಂಭೀರ. ಬಲ್ಗೇರಿಯದ ಸೌಟು ಕಬ್ಬಿಣದ್ದೇನೋ ನಿಜ. ಅದರ ಹಿಡಿ ಇದ್ದದ್ದು ರಷ್ಯದ ಕೈಯಲ್ಲಿ. 1877ರ ಯುದ್ಧಕ್ಕೆ ರಷ್ಯದ ಸೈನ್ಯ ಇಳಿಯದಿದ್ದರೆ ಆ ಪಾಲು ಸಿಕ್ಕುತ್ತಿತ್ತೇ? ಗುರುಗಳಿಗೆ ಇದು ತಿಳಿಯದ್ದಲ್ಲ. ರೂಪಕದೊಳಗೆ ಅದಕ್ಕೆ ಜಾಗವಿರಲಿಲ್ಲ. ಒಳ್ಳೆಯ ರೂಪಕದ ಅಪಾಯವೇ ಇದು: ತನ್ನೊಳಗೆ ಹಿಡಿಸದ್ದನ್ನು ಮರೆಸಿಬಿಡುತ್ತದೆ. ಕೇಳಿದ ತರುಣರಿಗೆ ಕಬ್ಬಿಣ ನೆನಪಿನಲ್ಲಿ ಉಳಿಯಿತು, ಹಿಡಿ ಉಳಿಯಲಿಲ್ಲ. 1894ರಿಂದ 1896ರವರೆಗೆ ಸುಲ್ತಾನ್ ಅಬ್ದುಲ್ ಹಮೀದನ ಕಾಲದ ಹತ್ಯಾಕಾಂಡಗಳಲ್ಲಿ ಆರ್ಮೀನಿಯನ್ನರು ಲಕ್ಷದ ಲೆಕ್ಕದಲ್ಲಿ ಸತ್ತಾಗ ಯಾವ ದೊಡ್ಡ ರಾಜ್ಯವೂ ಸೈನ್ಯ ಕಳಿಸಲಿಲ್ಲ. ಕೊಲೆಯ ಹೊಣೆ ಕೊಂದವರದು, ಉಪದೇಶದ್ದಲ್ಲ. ಇದನ್ನು ಸ್ಪಷ್ಟವಾಗಿಯೇ ಹೇಳಬೇಕು.

ಅದೇ 1894ರಲ್ಲಿ ಅವರ ‘ಅಜ್ಜ ಮತ್ತು ಮೊಮ್ಮಗ’ ಹೊರಬಂತು. ಮುದುಕನೊಬ್ಬ ಹುಡುಗನಿಗೆ ನೆಲದ, ದುಡಿಮೆಯ ವಿಚಾರ ಹೇಳುವ ಪುಸ್ತಕ. ಉಪದೇಶದ ಖ್ಯಾತಿ ಇದಕ್ಕಿಲ್ಲ. ಆಯುಧದ ಉಡುಗೊರೆ ಹೇಳಿದ ಬಾಯಿಯೇ ಇಲ್ಲಿ ಹೊಲದ ಮಾತು ಆಡುತ್ತದೆ. ಖ್ರಿಮ್ಯಾನರನ್ನು ಸೌಟಿನಿಂದ ಮಾತ್ರ ಅಳೆಯುವವರು ಈ ಪುಸ್ತಕವನ್ನು ಪಕ್ಕಕ್ಕೆ ಇಟ್ಟುಕೊಳ್ಳಲೇಬೇಕು.

ಆ ಹೊತ್ತಿಗೆ ಅವರು ರಷ್ಯದ ಆಳ್ವಿಕೆಯ ಎಚ್ಮಿಯಾದ್ಜಿನ್‌ನಲ್ಲಿ, ಸಮಸ್ತ ಆರ್ಮೀನಿಯನ್ನರ ಕೆಥೋಲಿಕೋಸ್ ಆಗಿದ್ದರು. ಸುಲ್ತಾನ ಹೋಗಿ ಜಾರ್ ಬಂದಿದ್ದ. 1903ರಲ್ಲಿ ಜಾರ್ ಎರಡನೆಯ ನಿಕೋಲಸ್ ಆರ್ಮೀನಿಯನ್ ಚರ್ಚಿನ ಆಸ್ತಿಯನ್ನೆಲ್ಲ ಸರ್ಕಾರದ ವಶಕ್ಕೆ ತೆಗೆದುಕೊಳ್ಳುವಂತೆ ಆಜ್ಞೆ ಹೊರಡಿಸಿದ. ಬರ್ಲಿನ್ನಿನಲ್ಲಿ ಹಿಡಿ ಹಿಡಿದಿದ್ದ ಕೈಯೇ ಈಗ ಕೊಪ್ಪರಿಗೆಗೆ ಬಂದಿತ್ತು. ಎಂಬತ್ತಮೂರು ವರ್ಷದ ಮುದುಕರು ಒಪ್ಪಲಿಲ್ಲ. ಆಸ್ತಿ ಒಪ್ಪಿಸಕೂಡದೆಂದು ಪಾದ್ರಿಗಳಿಗೆ ತಿಳಿಸಿದರು. ಊರೂರುಗಳಲ್ಲಿ ಜನ ಬೀದಿಗೆ ಬಂದರು. ಗುಂಡೇಟುಗಳೂ ಆದವು, ಬಾಂಬುಗಳೂ ಸಿಡಿದವು. ಆದ್ದರಿಂದ ಬರಿಯ ‘ಒಲ್ಲೆ’ ಎಂಬ ಮಾತೇ ಗೆದ್ದಿತೆಂದು ಹೇಳಲಾರೆ. ಆದರೂ ಎಲ್ಲಕ್ಕಿಂತ ಮೊದಲು ಇದ್ದದ್ದು ಆ ಮಾತು. ರಷ್ಯವೆಲ್ಲ ಕ್ರಾಂತಿಯಲ್ಲಿ ಕುದಿಯುತ್ತಿದ್ದ 1905ರ ಆಗಸ್ಟಿನಲ್ಲಿ ಜಾರ್ ಆಜ್ಞೆಯನ್ನು ಹಿಂತೆಗೆದುಕೊಂಡ. 1907ರಲ್ಲಿ ಅಪ್ಪಯ್ಯ ತೀರಿಕೊಂಡರು; ಎಚ್ಮಿಯಾದ್ಜಿನ್‌ನಲ್ಲಿಯೇ ಅವರ ಸಮಾಧಿ.