ಪದ್ಯದಲ್ಲಿ ಕಾದಂಬರಿ: ಒಂದು ಓದಿನ ಪಟ್ಟಿಯ ವಿಮರ್ಶೆ

ಪ್ರೌಢಶಾಲೆಯ ಮಕ್ಕಳಿಗಾಗಿ ಓದಿನ ಪಟ್ಟಿಯೊಂದನ್ನು ಸಿದ್ಧಪಡಿಸುವ ಉಪಾಧ್ಯಾಯನು, ಅದರಲ್ಲಿ ಪದ್ಯರೂಪದ ದೀರ್ಘಕಥೆಗಳಿಗೂ ಸ್ಥಾನವಿರಬೇಕೆಂದು ನಿಶ್ಚಯಿಸಿದೊಡನೆ, ಎರಡು ಬಗೆಯ ಆಕ್ಷೇಪಗಳಿಗೆ ಗುರಿಯಾಗುತ್ತಾನೆ. ಕಾವ್ಯವು ಕಠಿನವಾದುದರಿಂದ ಮಕ್ಕಳಿಗೆ ಸಾರಾಂಶವೇ ಸಾಕೆನ್ನುವವರು ಕೆಲವರು. ಹದಿಹರೆಯದವರಿಗಾಗಿ ಪದ್ಯದಲ್ಲಿ ಕಾದಂಬರಿ ಬರೆಯುವುದು ಅಮೆರಿಕದಲ್ಲಿ ಈಚೆಗೆ ಹುಟ್ಟಿದ ಪ್ರಕಾರ, ನಮ್ಮಲ್ಲಿ ಅದಕ್ಕೆ ಸಮಾನವಾದುದಿಲ್ಲ ಎನ್ನುವವರು ಮತ್ತೆ ಕೆಲವರು. ಅಗಡಿಯಲ್ಲಿ ಕುಳಿತು ಪಟ್ಟಿ ಬರೆಯುವ ನನಗೆ ಈ ಎರಡನೆಯ ಮಾತು ವಿಚಿತ್ರವೆನಿಸುತ್ತದೆ. 1907ರಲ್ಲಿ ಇದೇ ಊರಿನ ಆನಂದವನದಿಂದ, ಗಳಗನಾಥರ ಸಂಪಾದಕತ್ವದಲ್ಲಿ, ‘ಸದ್ಬೋಧ ಚಂದ್ರಿಕೆ’ ಹೊರಟು ಗದ್ಯಕಥನದ ರುಚಿಯನ್ನು ಮನೆಮನೆಗೆ ಮುಟ್ಟಿಸಿತೆಂಬುದು ಸುಪ್ರಸಿದ್ಧ; ಆದರೆ ಅದಕ್ಕೆ ಶತಮಾನಗಳ ಮುಂಚೆಯೇ ಕಥೆಯನ್ನು ಪದ್ಯದಲ್ಲಿ ಕೇಳುವ ಕಿವಿ ಈ ಸೀಮೆಯವರಿಗೆ ಇದ್ದಿತಷ್ಟೆ.

ಅಮೆರಿಕದ ಕೃತಿಗಳನ್ನು ನಾನು ಅಲ್ಲಗಳೆಯುವವನಲ್ಲ. ಕ್ಯಾರೆನ್ ಹೆಸ್ ಅವರ ‘ಔಟ್ ಆಫ್ ದಿ ಡಸ್ಟ್’ 1997ರಲ್ಲಿ ಪ್ರಕಟವಾಗಿ ಮರುವರ್ಷ ನ್ಯೂಬೆರಿ ಪದಕವನ್ನು ಪಡೆಯಿತು. 1930ರ ದಶಕದ ಒಕ್ಲಹೋಮದಲ್ಲಿ ಮಳೆಯಿಲ್ಲದೆ ಹೊಲದ ಮಣ್ಣೆಲ್ಲ ಧೂಳಾಗಿ ಹಾರಿಹೋಗುತ್ತಿರುವಾಗ, ಪಿಯಾನೊ ನುಡಿಸುವ ಹದಿನಾಲ್ಕರ ಹುಡುಗಿಯೊಬ್ಬಳು, ಸೀಮೆಎಣ್ಣೆಯ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡು, ತನ್ನ ಕೈಗಳನ್ನೂ ಸುಟ್ಟುಕೊಂಡು, ತಂದೆಯನ್ನು ಕ್ಷಮಿಸಲಾರದೆ ಮೌನದಲ್ಲಿ ಬೇಯುವ ಕಥೆಯದು. ಮಳೆಯ ದಾರಿ ಕಾಯುವುದೆಂದರೇನೆಂದು ಬಲ್ಲ ನಮ್ಮ ಹುಡುಗರಿಗೆ ಅದು ಪರದೇಶದ ಕಥೆಯೆನಿಸುವುದೇ ಇಲ್ಲ. ಆದರೆ ಈ ಪ್ರಕಾರದ ಹಲವು ಕೃತಿಗಳಲ್ಲಿ ಗದ್ಯದ ವಾಕ್ಯವನ್ನೇ ಮುರಿದು ಒಂದರ ಕೆಳಗೊಂದು ಜೋಡಿಸಿರುವುದನ್ನು ಕಂಡಾಗ, ಇದನ್ನು ಪದ್ಯವೆಂದು ಕರೆಯುವುದಕ್ಕೆ ಕಣ್ಣು ಒಪ್ಪಿದರೂ ಕಿವಿ ಒಪ್ಪುವುದಿಲ್ಲ. ಹೆಸ್ ಅವರ ಕೃತಿ ಈ ದೋಷದಿಂದ ಬಹುಮಟ್ಟಿಗೆ ಪಾರಾಗಿರುವುದು, ಆಡದೆ ಉಳಿದ ಮಾತಿನ ಭಾರವನ್ನು ಅಲ್ಲಿಯ ಕಿರುಸಾಲುಗಳು ಹೊರಬಲ್ಲವಾದುದರಿಂದ.

ಗಟ್ಟಿಯಾಗಿ ಓದಿದಾಗ ಛಂದಸ್ಸೇ ಕಥೆಯನ್ನು ಮುಂದಕ್ಕೆ ನಡೆಸಬೇಕು, ಕಥೆಯ ನಡುವೆ ನಿಂತ ಎಳೆಯ ಜೀವವೊಂದು ಹಿರಿಯರು ಕಟ್ಟಿದ ಲೋಕವನ್ನು ಎದುರಿಸಬೇಕು: ಪಟ್ಟಿಗೆ ನಾನು ಇಟ್ಟುಕೊಂಡ ನಿಯಮ ಇಷ್ಟೆ. ಈ ನಿಯಮಕ್ಕೆ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿಯ ಚಂದ್ರಹಾಸನ ಉಪಾಖ್ಯಾನದಷ್ಟು ಒಪ್ಪುವಂಥದು ಮತ್ತೊಂದಿಲ್ಲ. ಅನಾಥ ಬಾಲಕ, ಅವನನ್ನು ಕೊಲ್ಲಿಸಲು ಹವಣಿಸುವ ಮಂತ್ರಿ, ಮರಣಶಾಸನವಾದ ಓಲೆಯನ್ನು ವಿವಾಹಪತ್ರವಾಗಿ ತಿದ್ದುವ ಹುಡುಗಿ. ಇಷ್ಟಿರಲು ಎಂಟನೆಯ ತರಗತಿಯವರಿಗೆ ಬೇರೆ ಪ್ರಲೋಭನೆ ಬೇಕಾಗುವುದಿಲ್ಲ.

ನಮ್ಮ ಜಿಲ್ಲೆಯ ಬಾಡದಲ್ಲಿ ಜನಿಸಿ ಕಾಗಿನೆಲೆಯಲ್ಲಿ ನೆಲಸಿದ ಕನಕದಾಸರ ‘ರಾಮಧಾನ್ಯ ಚರಿತೆ’ಗೆ ಮನುಷ್ಯನಾಯಕನೇ ಇಲ್ಲವಾದುದರಿಂದ ಅದು ನನ್ನ ನಿಯಮವನ್ನು ಮೀರುತ್ತದೆ, ಆದರೂ ಅದನ್ನು ಬಿಡಲಾರೆ. ರಾಮನ ಸಭೆಯಲ್ಲಿ ನೆಲ್ಲೂ ರಾಗಿಯೂ ಹಿರಿಮೆಗಾಗಿ ಕಾದಾಡುವುದು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುವುದು, ನೆಲ್ಲು ಸೊರಗಿ ರಾಗಿ ಉಳಿಯುವುದು, ಇವನ್ನೆಲ್ಲ ಭಾಮಿನೀ ಷಟ್ಪದಿಯ ಬಿರುಸಿನಲ್ಲಿ ಕೇಳುವ ಹುಡುಗರು ತಮಗೆ ತಾವೇ ಎರಡು ಪಕ್ಷಗಳಾಗಿ ಒಡೆಯುತ್ತಾರೆ. ಅದೇ ಕವಿಯ ‘ನಳಚರಿತ್ರೆ’ ಕಲೆಯಲ್ಲಿ ಇದಕ್ಕಿಂತ ಪಕ್ವವಾದುದು. ಆದರೆ ನಿದ್ರಿಸುತ್ತಿರುವ ದಮಯಂತಿಯನ್ನು ನಳನು ಕಾಡಿನಲ್ಲಿ ಬಿಟ್ಟುಹೋಗುವುದನ್ನು ಕಲಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದಕ್ಕೆ ನನ್ನ ವಿದ್ಯಾರ್ಥಿನಿಯರು ಎಂದಿಗೂ ಸಮ್ಮತಿಸಿಲ್ಲ. ಅವರ ಪಕ್ಷವೇ ಸರಿಯೆಂದು ನನಗೂ ತೋರುತ್ತದೆ.

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಹದಿಮೂರನೆಯ ಶತಮಾನದ ಈ ಕಾವ್ಯದಿಂದ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಲೋಹಿತಾಶ್ವನ ಮರಣವನ್ನೂ ಚಂದ್ರಮತಿಯ ಪ್ರಲಾಪವನ್ನೂ. ಹೀಗೆ ಕತ್ತರಿಸಿ ತೆಗೆದ ಪದ್ಯಭಾಗದಿಂದ ವಿದ್ಯಾರ್ಥಿಗೆ ಕಣ್ಣೀರು ದೊರೆತೀತೇ ಹೊರತು ಕಥೆಯ ನ್ಯಾಯಾನ್ಯಾಯ ದೊರೆಯದು. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿದ ಹೊಲತಿಯರು ರಾಜನೆದುರು ಹಾಡಿ ಕುಣಿದು, ಬೆಳ್ಗೊಡೆಯನ್ನು ಬೇಡಿ, ಅದು ದೊರೆಯದಿರಲು ತಮ್ಮನ್ನು ವರಿಸೆಂದು ಕೇಳುವ ಪ್ರಸಂಗವು ಅದೇ ಕಾವ್ಯದಲ್ಲಿದೆ. ಕುಲದ ಮಾತೆತ್ತಿ ನಿರಾಕರಿಸುವ ರಾಜನಿಗೆ ಅವರು ಕೊಡುವ ಉತ್ತರ ಎಂಥದು! ನಮ್ಮ ಹಾಡನ್ನು ಕೇಳಿದ ಕಿವಿಗೆ, ರೂಪವನ್ನು ನೋಡಿದ ಕಣ್ಣಿಗೆ, ನಮ್ಮೊಡನೆ ಮಾತಾಡಿದ ಬಾಯಿಗೆ, ನಮ್ಮ ಮೈಸೋಂಕಿ ಬಂದ ಗಾಳಿಯನ್ನು ಮೂಸಿದ ಮೂಗಿಗೆ ತಗುಲದ ಹೊಲೆ ಸ್ಪರ್ಶವೊಂದಕ್ಕೆ ಮಾತ್ರ ಹೇಗೆ ತಗುಲುತ್ತದೆಂಬ ಆ ತರ್ಕಕ್ಕೆ ಸತ್ಯಸಂಧನಾದ ಹರಿಶ್ಚಂದ್ರನ ಬಳಿ ಉತ್ತರವಿಲ್ಲ. ಮುಂದೆ ಅದೇ ದೊರೆ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುವನಷ್ಟೆ. ಈ ಎರಡು ಪ್ರಸಂಗಗಳನ್ನು ಒಂದೇ ಓಟದಲ್ಲಿ ಓದದವನಿಗೆ ರಾಘವಾಂಕನು ದಕ್ಕುವುದಿಲ್ಲ. ಇದು ತರಗತಿಯಲ್ಲಿ ಮುಜುಗರವನ್ನು ತರುವುದೆಂದು ಅಂಜುವವರಿದ್ದಾರೆ. ಮುಜುಗರವನ್ನು ಹೇಗೆ ಹೊರಬೇಕೆಂದು ಹುಡುಗರು ಶಾಲೆಯಲ್ಲಲ್ಲದೆ ಇನ್ನೆಲ್ಲಿ ಕಲಿಯಬೇಕು?

ಆಧುನಿಕರಲ್ಲಿ ನನ್ನ ಪಟ್ಟಿಗೆ ಆಧಾರವಾದವರು ಸು.ರಂ. ಎಕ್ಕುಂಡಿಯವರು. 1923ರಲ್ಲಿ ನೆರೆಯ ರಾಣೇಬೆನ್ನೂರಿನಲ್ಲಿ ಹುಟ್ಟಿ, ಉತ್ತರ ಕನ್ನಡದ ಬಂಕಿಕೊಡ್ಲದಲ್ಲಿ ದೀರ್ಘಕಾಲ ಉಪಾಧ್ಯಾಯರಾಗಿದ್ದ ಈ ಕವಿ, ನವ್ಯದ ಪ್ರಭಾವದಲ್ಲಿ ಪದ್ಯವು ಕಥೆ ಹೇಳುವುದನ್ನೇ ಮರೆಯುತ್ತಿದ್ದ ದಿನಗಳಲ್ಲಿಯೂ ಕಥನಕವನವನ್ನು ಬಿಡದೆ ಬರೆದರು. ‘ಹಾವಾಡಿಗರ ಹುಡುಗ’, ‘ಮತ್ಸ್ಯಗಂಧಿ’, 1992ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ಬಕುಲದ ಹೂವುಗಳು’, ಇವುಗಳ ನಡೆ ಎಷ್ಟು ತಿಳಿಯಾದುದೆಂದರೆ ಅರ್ಥಕೋಶವನ್ನು ಮುಚ್ಚಿಟ್ಟೇ ಓದಬಹುದು. ಪಠ್ಯದಲ್ಲಿ ಬಂದ ‘ಪಾರಿವಾಳ’ದ ವಸ್ತುವು ಭಾಗವತದ ಅವಧೂತನು ಮೋಹದ ಕೇಡಿಗೆ ನಿದರ್ಶನವಾಗಿ ಹೇಳಿದ ಕಥೆಯದೇ, ಆದರೆ ಎಕ್ಕುಂಡಿಯವರ ಕೈಯಲ್ಲಿ ನೀತಿಗಿಂತ ಮುಂಚೆ ಹಕ್ಕಿಗಳ ಸಂಸಾರ ನಮ್ಮನ್ನು ತಟ್ಟುತ್ತದೆ. ಬಹುಕಾಲ ಮಕ್ಕಳ ಮುಖವನ್ನು ನೋಡುತ್ತ ಪಾಠ ಹೇಳಿದವನಿಗೆ ಮಾತ್ರ ಈ ಪೌರ್ವಾಪರ್ಯ ತಿಳಿದೀತು.

ಕೊರತೆಯೂ ಇಲ್ಲದಿಲ್ಲ. ಎಕ್ಕುಂಡಿಯವರ ಕರುಣೆ ಕೆಲವೊಮ್ಮೆ ತೀರ ಬೇಗ ಎಲ್ಲವನ್ನೂ ಸಮಾಧಾನಪಡಿಸಿಬಿಡುತ್ತದೆ; ಹದಿನೈದರ ವಯಸ್ಸಿಗೆ ಸಹಜವಾದ ಸಿಟ್ಟಿಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಎಡೆಯಿಲ್ಲ. ಹಳಬರಲ್ಲಿ ದೀರ್ಘತೆಯುಂಟು, ಅವರ ಲೋಕ ಅರಮನೆಯದು. ಇವರಲ್ಲಿ ಬಡವರ ಮಕ್ಕಳುಂಟು, ಕಥೆ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಬ್ಯಾಡಗಿಯ ಪೇಟೆಗೆ ತಾಯಿಯ ಹಿಂದೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ, ಉರಿಯುವ ಬೆರಳಿನಲ್ಲಿ ರಾತ್ರಿ ಲೆಕ್ಕ ಮಾಡುವ ಹುಡುಗಿಯ ಒಂದು ವರ್ಷವನ್ನು ಆದ್ಯಂತವಾಗಿ ಹೇಳುವ ಷಟ್ಪದಿಯಾಗಲಿ ರಗಳೆಯಾಗಲಿ ನನ್ನ ಪಟ್ಟಿಯಲ್ಲಿಲ್ಲ. ಆ ತೆರವನ್ನು ಸದ್ಯಕ್ಕೆ ಹೆಸ್ ಅವರ ಒಕ್ಲಹೋಮದ ಹುಡುಗಿ ತುಂಬುತ್ತಾಳೆ. ಇಂಗ್ಲಿಷಿನಲ್ಲಿ ಓದಲಾರದವರಿಗೆ ಅವಳ ಕಥೆಯನ್ನು, ಪರೀಕ್ಷೆಯ ಭಯ ಇನ್ನೂ ಅಡರದ ಒಂಬತ್ತನೆಯ ತರಗತಿಯಲ್ಲಿ, ರಾಘವಾಂಕನನ್ನು ಮುಗಿಸಿದ ತರುವಾಯ ನಾನೇ ಬಾಯಿಮಾತಿನಲ್ಲಿ ಹೇಳುತ್ತೇನೆ.